ಮಳೆಗಾಲದಲ್ಲಿ ಕಂಪ್ಯೂಟರ್ ನಿಂತಾಗ ಬರೆದ ಚೀಟಿ ದಾಖಲೆಗೆ ಸರಿಯಾಗಿ ಸೇರುವುದು ಹೇಗೆ?

ಕಾಫಿಸೀಮೆ ವೈದ್ಯೆ (ಮಡಿಕೇರಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಇದೊಂದನ್ನು ಇತ್ಯರ್ಥ ಮಾಡಿಕೊಳ್ಳಬೇಕು ಅಂತ ಬರೆಯುತ್ತಿದ್ದೇನೆ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟು ಮರುದಿನವೂ ಬರದೇ ಇರಬಹುದು. ಕರೆಂಟು ಇದ್ದರೂ ಟವರ್ ಕೈಕೊಟ್ಟರೆ ನೆಟ್‌ವರ್ಕ್ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಓಪಿಡಿ, ಅಂದರೆ ಹೊರರೋಗಿಗಳ ತಪಾಸಣೆ, ನಿಲ್ಲಿಸುವ ಹಾಗಿಲ್ಲ, ಆದ್ದರಿಂದ ಕಾಗದದ ಚೀಟಿ. ಕರೆಂಟು ಬಂದ ಮೇಲೆ ಡೇಟಾ ಎಂಟ್ರಿಯವರು ಕೂತು ಒಂದೊಂದಾಗಿ ಸಾಫ್ಟ್‌ವೇರ್‌ಗೆ ಏರಿಸುತ್ತಾರೆ.

ಅಪಾಯ ಇರುವುದು ಈ ನಡುವಿನ ಹೊತ್ತಿನಲ್ಲಿ. ಬಿಪಿಯ ರೋಗಿಯೊಬ್ಬರಿಗೆ ಆಮ್ಲೋಡಿಪಿನ್‌ನಿಂದ ಕಾಲು ಊದಿಕೊಂಡಿದೆ ಅಂತಿಟ್ಟುಕೊಳ್ಳಿ. ಕರೆಂಟಿಲ್ಲದ ದಿನ ಅದನ್ನು ನಿಲ್ಲಿಸಿ ಟೆಲ್ಮಿಸಾರ್ಟಾನ್ 40 ಅಂತ ಚೀಟಿಯಲ್ಲಿ ಬರೆದಿದೆ. ಚೀಟಿ ಏರಿಸುವಾಗ ಹೊಸ ಮಾತ್ರೆ ಸೇರುತ್ತದೆ, ಹಳೆಯದನ್ನು ನಿಲ್ಲಿಸಿದ್ದು ಸೇರುವುದಿಲ್ಲ. ಮುಂದಿನ ತಿಂಗಳು ಬೇರೆ ಡಾಕ್ಟರು ಕೂತಿರುತ್ತಾರೆ, 'ಹಿಂದಿನ ಔಷಧಿಯೇ' ಎಂಬ ಬಟನ್ ಒತ್ತುತ್ತಾರೆ. ಎರಡೂ ಮಾತ್ರೆ ಹೊರಬೀಳುತ್ತವೆ. ತೆರೆಯ ಮೇಲೆ ಅಚ್ಚುಕಟ್ಟಾಗಿ ಕಾಣುವುದರಿಂದ ಯಾರೂ ಅನುಮಾನಿಸುವುದಿಲ್ಲ.

ಇದರ ಜೊತೆಗೆ ಇನ್ನೆರಡು. ಒಬ್ಬರೇ ರೋಗಿಗೆ ಎರಡು ದಾಖಲೆ ತೆರೆದಿರುವುದು ಬಹಳ ಇದೆ. ಹೊರಗೆ ಕಳಿಸಿದ ರಕ್ತದ ರಿಪೋರ್ಟ್ ಬಂದು ಸಾಫ್ಟ್‌ವೇರ್‌ನಲ್ಲಿ ಕೂತಿರುತ್ತದೆ, ನೋಡಿದವರು ಯಾರೂ ಇಲ್ಲ. ಸುತ್ತೋಲೆಯ ಮಾತು ಬೇಡ. ನಿಮ್ಮ ಕಡೆ ದಿನನಿತ್ಯ ನಡೆಯುವ ಪದ್ಧತಿ ಏನು, ಅದರಲ್ಲಿ ಎಲ್ಲಿ ಎಡವುತ್ತದೆ, ಅಷ್ಟು ಹೇಳಿ.

ಔಷಧ ಕಿಟಕಿ (ಫಾರ್ಮಸಿ, ವಿರಾಜಪೇಟೆ ತಾಲ್ಲೂಕು) ಉತ್ತರ:

ಡಾಕ್ಟ್ರೇ, ಮೊದಲು ಚೀಟಿಯ ನಮೂನೆಯನ್ನೇ ಬದಲಾಯಿಸಿ. ಖಾಲಿ ಓಪಿಡಿ ಚೀಟಿಯಲ್ಲಿ ಬರೆದರೆ 'ನಿಲ್ಲಿಸಿದ್ದು' ಬರೆಯಲು ಜಾಗವೇ ಇರುವುದಿಲ್ಲ. ಔಷಧಿಯ ಜಾಗದಲ್ಲಿ ಮೂರು ಕಾಲಂ ಗೆರೆ ಹಾಕಿ ಅಚ್ಚು ಹಾಕಿಸಿ: ಮುಂದುವರಿಸಿದ್ದು, ಹೊಸದು ಅಥವಾ ಡೋಸ್ ಬದಲಾದದ್ದು, ನಿಲ್ಲಿಸಿದ್ದು. ನಿಲ್ಲಿಸಿದ್ದರ ಪಕ್ಕ ಕಾರಣ ಎರಡು ಪದದಲ್ಲಿ: 'ಕಾಲು ಊತ', 'ಒಣ ಕೆಮ್ಮು', 'ಗರ್ಭಿಣಿ'. ಕಾರಣ ಇಲ್ಲದೆ ನಿಂತ ಮಾತ್ರೆಯನ್ನು ಮುಂದಿನವರು 'ಸ್ಟಾಕ್ ಇರಲಿಲ್ಲವೇನೋ' ಅಂದುಕೊಂಡು ಮತ್ತೆ ಶುರು ಮಾಡುತ್ತಾರೆ.

ಚೀಟಿ ಕಾರ್ಬನ್ ಹಾಕಿದ ಜೋಡಿ ಪುಸ್ತಕವಾಗಿರಲಿ. ಮೇಲಿನದು ರೋಗಿಗೆ, ಕೆಳಗಿನದು ನಮಗೆ. ಕ್ರಮಸಂಖ್ಯೆ ಮೊದಲೇ ಅಚ್ಚಾಗಿರಬೇಕು, ಸಾಫ್ಟ್‌ವೇರ್ ಕೊಡುವ ಓಪಿ ನಂಬರಿಗೂ ಇದಕ್ಕೂ ಗೊಂದಲ ಆಗದ ಹಾಗೆ ಮುಂದೆ 'ಕಾ' ಅಂತ ಇರಲಿ. ಕಾ-41ರ ನಂತರ ಕಾ-43 ಬಂದರೆ ಒಂದು ಚೀಟಿ ಕಳೆದಿದೆ ಅಂತ ಆವತ್ತೇ ಗೊತ್ತಾಗುತ್ತೆ. ಬಿಡಿ ಹಾಳೆಗಳಲ್ಲಿ ಅದು ಎಂದೂ ಗೊತ್ತಾಗುವುದಿಲ್ಲ.

ಏರಿಸುವ ಕೆಲಸವನ್ನು ಕ್ರಮಸಂಖ್ಯೆಯ ಪ್ರಕಾರ ಶುರು ಮಾಡಬೇಡಿ. ನೆಗಡಿ, ಕೆಮ್ಮಿನ ಚೀಟಿ ಎರಡು ದಿನ ತಡವಾದರೆ ನಷ್ಟವಿಲ್ಲ. ಮೊದಲು ಚೀಟಿಗಳನ್ನು ಮೇಜಿನ ಮೇಲೆ ಎರಡು ರಾಶಿ ಮಾಡಿ. ಹೊಸ ಅಲರ್ಜಿ, ಬದಲಾದ ಅಥವಾ ನಿಲ್ಲಿಸಿದ ಔಷಧಿ, ಗರ್ಭಿಣಿ, ಕಳಿಸಿದ ಪರೀಕ್ಷೆ, ರೆಫರಲ್, ಇಂಥದ್ದು ಯಾವುದಾದರೂ ಇರುವ ಚೀಟಿ ಒಂದು ರಾಶಿಗೆ. ಅದು ಆ ದಿನವೇ ಮುಗಿಯಬೇಕು. ಇಬ್ಬರು ಕೂರಬೇಕು. ಒಬ್ಬರು ಓದುತ್ತಾರೆ, ಒಬ್ಬರು ಟೈಪ್ ಮಾಡಿ ತೆರೆಯಲ್ಲಿ ಬಂದದ್ದನ್ನು ತಿರುಗಿ ಗಟ್ಟಿಯಾಗಿ ಓದುತ್ತಾರೆ. ಓದುವವರು ಔಷಧಿ ಗೊತ್ತಿರುವವರಾಗಿರಬೇಕು: ನರ್ಸ್ ಅಥವಾ ಫಾರ್ಮಸಿಯವರು. ಡೇಟಾ ಎಂಟ್ರಿಯವರೊಬ್ಬರಿಗೇ ಈ ಭಾರ ಹೊರಿಸುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಡಾಕ್ಟರ ಅಕ್ಷರದಲ್ಲಿ 1 ಯಾವುದು 7 ಯಾವುದು ಅಂತ ಅವರು ಊಹೆ ಮಾಡುವ ಪರಿಸ್ಥಿತಿ ಬರಬಾರದು.

ಎಲ್ಲ ಸಾಫ್ಟ್‌ವೇರಿಗೂ ಅನ್ವಯಿಸುವ ಮುಖ್ಯ ಸಂಗತಿ: ಭೇಟಿಯ ದಿನಾಂಕ ಬೇರೆ, ಏರಿಸಿದ ದಿನಾಂಕ ಬೇರೆ. ಹೊಸ ಭೇಟಿ ತೆರೆದ ಕೂಡಲೇ ಅದು ಇವತ್ತಿನ ದಿನಾಂಕ ಹಾಕಿಕೊಳ್ಳುತ್ತೆ. ಬದಲಿಸದಿದ್ದರೆ 12ನೇ ತಾರೀಖು ಕೊಟ್ಟ 30 ದಿನದ ಮಾತ್ರೆ 15ಕ್ಕೆ ಕೊಟ್ಟಂತೆ ಕಾಣುತ್ತೆ, ರೋಗಿ ಸರಿಯಾದ ದಿನಕ್ಕೆ ಬಂದರೂ 'ಇನ್ನೂ ಮೂರು ದಿನದ ಮಾತ್ರೆ ಇದೆಯಲ್ಲ' ಅಂತ ವಾಪಸ್ ಕಳಿಸುತ್ತಾರೆ. ಹಿಂದಿನ ದಿನಾಂಕ ಹಾಕಲು ಬಿಡದ ಸಾಫ್ಟ್‌ವೇರ್ ಆದರೆ ಟಿಪ್ಪಣಿಯ ಮೊದಲ ಸಾಲಿನಲ್ಲೇ 'ಕಾ-41, ನೋಡಿದ್ದು 12ರಂದು' ಅಂತ ಟೈಪ್ ಮಾಡಿ.

ಏರಿಸಿ ಮುಗಿಯುವವರೆಗೆ ನಕಲು ಚೀಟಿಗಳ ಫೈಲು ಡಾಕ್ಟರ ಮೇಜಿನ ಮೇಲೇ ಇರಬೇಕು, ಆಫೀಸ್ ರೂಮಿನಲ್ಲಲ್ಲ. ಮರುದಿನ ಅದೇ ರೋಗಿ ತಲೆಸುತ್ತು ಅಂತ ಬಂದರೆ ತೆರೆ ನೋಡುವ ಮೊದಲು ಫೈಲು ನೋಡಬೇಕು.

ಪಟ್ಟಿಯಿಂದ ಔಷಧಿ ಆರಿಸುವಾಗ ಆಗುವ ತಪ್ಪು ಇನ್ನೊಂದು ಬಗೆಯದು. ಇಂಗ್ಲಿಷ್‌ನಲ್ಲಿ ಮೊದಲ ಮೂರಕ್ಷರ ಹೊಡೆದರೆ ಮೆಟ್‌ಫಾರ್ಮಿನ್, ಮೆಟ್ರೊನಿಡಜೋಲ್ ಎರಡೂ ಒಂದರ ಕೆಳಗೊಂದು ಬರುತ್ತವೆ. ಕ್ಲೋರ್‌ಫೆನಿರಮಿನ್, ಕ್ಲೋರ್‌ಪ್ರೊಮಜಿನ್ ಎರಡಕ್ಕೂ ಮೊದಲ ಆರಕ್ಷರ ಒಂದೇ. ಒಂದು ಶೀತಕ್ಕೆ, ಇನ್ನೊಂದು ಮಾನಸಿಕ ಕಾಯಿಲೆಗೆ. ಬೆರಳು ಒಂದು ಸಾಲು ಜಾರಿದರೆ ಸಾಕು. ಪಟ್ಟಿ ತಿದ್ದುವ ಅಧಿಕಾರ ನಿಮ್ಮ ಲಾಗಿನ್‌ಗೆ ಇದ್ದರೆ ನಿಮ್ಮ ಪಿಎಚ್‌ಸಿಯಲ್ಲಿ ದಾಸ್ತಾನಿಲ್ಲದ ಔಷಧಿಗಳನ್ನು ಮರೆಮಾಡಿ, ಉಳಿದವುಗಳಲ್ಲಿ ಬೇರೆಯಾಗುವ ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆಸಿ. ಅಧಿಕಾರ ಇಲ್ಲದಿದ್ದರೆ ಕಾಯಿಲೆಯ ಹೆಸರನ್ನು ಔಷಧಿಯ ಸಾಲಿನಲ್ಲೇ ಬರೆಯುವ ರೂಢಿ ಮಾಡಿ: 'ಮೆಟ್‌ಫಾರ್ಮಿನ್ 500, ಸಕ್ಕರೆಗೆ'. ಭೇದಿ ಅಂತ ಬಂದವರ ಚೀಟಿಯಲ್ಲಿ 'ಸಕ್ಕರೆಗೆ' ಅಂತ ಇದ್ದರೆ ನಾನು ಕಿಟಕಿಯಿಂದಲೇ ತಿರುಗಿ ಕೇಳಬಲ್ಲೆ. ಬರೀ ಹೆಸರು, ಬರೀ ನಂಬರ್ ಇದ್ದರೆ ಹೇಗೆ ಗೊತ್ತಾಗಬೇಕು?

ಮಕ್ಕಳ ಸಿರಪ್ ವಿಷಯದಲ್ಲಿ ಮಿಲಿಲೀಟರ್ ಮಾತ್ರ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಪ್ಯಾರಾಸಿಟಮಾಲ್ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಬರುತ್ತೆ, 250 ಇರುವುದೂ ಬರುತ್ತೆ, ಡ್ರಾಪ್ಸ್ ಆದರೆ 1 ಮಿ.ಲೀ.ಗೇ 100 ಇರುತ್ತೆ. 8 ಕೆ.ಜಿ. ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 80ರಿಂದ 120 ಮಿ.ಗ್ರಾಂ. '5 ಮಿ.ಲೀ.' ಅಂತಷ್ಟೇ ಇದ್ದು ಈ ತಿಂಗಳು 250ರ ಬಾಟಲಿ ಬಂದಿದ್ದರೆ ಡೋಸ್ ಎರಡರಷ್ಟಾಗುತ್ತೆ. ಮಿ.ಗ್ರಾಂ, ಬಾಟಲಿಯ ಶಕ್ತಿ, ಮಿ.ಲೀ., ಮೂರೂ ಒಂದೇ ಸಾಲಿನಲ್ಲಿ ಬೇಕು. ತೂಕವನ್ನು ಆವತ್ತೇ ತೂಗಿ ಬರೆಯಬೇಕು. ಹಿಂದಿನ ಭೇಟಿಯ ತೂಕವನ್ನು ತಾನೇ ತುಂಬಿಕೊಳ್ಳುವ ಸೌಲಭ್ಯ ಇದ್ದರೆ ಮಕ್ಕಳ ಮಟ್ಟಿಗೆ ಅದನ್ನು ಬಂದ್ ಮಾಡಿಸಿ.

ಹಾಡಿ ಸಿಸ್ಟರ್ (ಪೊನ್ನಂಪೇಟೆ ತಾಲ್ಲೂಕು) ಉತ್ತರ:

ಎರಡು ದಾಖಲೆಯ ಬಗ್ಗೆ ನಾನು ಹೇಳ್ತೀನಿ ಮೇಡಂ. ನಮ್ಮ ಜಿಲ್ಲೆಯಲ್ಲಿ ಇದು ಹೆಚ್ಚಾಗೋದಕ್ಕೆ ಕಾರಣಗಳೇ ಬೇರೆ. ಸಾಫ್ಟ್‌ವೇರ್ ಮಾಡಿದವರು ಹೆಸರು, ಉಪನಾಮ ಅಂತ ಎರಡು ಖಾನೆ ಇಟ್ಟಿದ್ದಾರೆ. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತೆ, ಆಮೇಲೆ ಸ್ವಂತ ಹೆಸರು. ಒಬ್ಬರು ಮನೆ ಹೆಸರನ್ನ ಮೊದಲ ಖಾನೆಗೆ ಹಾಕ್ತಾರೆ, ಇನ್ನೊಬ್ಬರು ಕೊನೆಯ ಖಾನೆಗೆ, ಮತ್ತೊಬ್ಬರು ಬರೀ ಇನಿಷಿಯಲ್. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಮನೆ ಹೆಸರೇ ಬದಲಾಗುತ್ತೆ, ಬಾಣಂತನಕ್ಕೆ ತವರಿಗೆ ಬಂದಾಗ ಹಳೇ ಹೆಸರಲ್ಲೇ ಚೀಟಿ ಮಾಡಿಸ್ತಾರೆ. ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳಲ್ಲಿ (ಅವರ ಸಣ್ಣ ಊರುಗಳಲ್ಲಿ) ಇದಕ್ಕೆ ಉಲ್ಟಾ: ಹೆಸರು ಒಂದೇ ಪದ, ಒಂದು ಹಾಡಿಯಲ್ಲೇ ಚೋಮ, ಕಾಳ, ಬೊಳ್ಳಿ ಅಂತ ನಾಲ್ಕೈದು ಜನ ಇರ್ತಾರೆ, ವಯಸ್ಸು ಅಂದಾಜು. ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಂತ ಹಾಕಿರ್ತಾರೆ. ಹಾಗಾದ್ರೆ ಹೆಸರು, ಹುಟ್ಟಿದ ದಿನ ಎರಡೂ ಹೊಂದಿದ್ರೂ ಅದೇ ವ್ಯಕ್ತಿ ಅಂತ ಖಾತ್ರಿ ಇಲ್ಲ.

ತೋಟದ ಲೈನ್ ಮನೆಗಳದ್ದು, ಅಂದ್ರೆ ಕೆಲಸದವರ ಸಾಲುಮನೆಗಳದ್ದು, ಮೊಬೈಲ್ ನಂಬರಿನ ತೊಂದರೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದವರು ತೋಟದ ರೈಟರ್ (ಲೆಕ್ಕ ಬರೆಯೋ ಗುಮಾಸ್ತ) ನಂಬರನ್ನೇ ಕೊಡ್ತಾರೆ. ಕಾಫಿ ಕುಯ್ಲಿನ ಹೊತ್ತಲ್ಲಿ ಆ ಒಂದು ನಂಬರ್ ಹಾಕಿ ಹುಡುಕಿದ್ರೆ ಲೈನಿನವರೆಲ್ಲ ಒಟ್ಟಿಗೆ ಬರ್ತಾರೆ. ಕ್ಯೂ ಉದ್ದ ಇದ್ದಾಗ ಪಟ್ಟಿಯ ಮೊದಲನೇ ಹೆಸರಿನ ಮೇಲೆ ಕೈ ಹೋಗೋದು ಸಹಜ. ಹೆಸರಿನ ಸ್ಪೆಲ್ಲಿಂಗ್ ಬೇರೆ ಪ್ರತಿ ಸಲ ಬೇರೆ.

ನೋಂದಣಿಯಲ್ಲಿ ನಾವು ಕೇಳೋ ಕ್ರಮ ಹೀಗಿದೆ. ಮೊದಲು 14 ಅಂಕಿಯ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಇದ್ಯಾ ಅಂತ. ಸ್ಮಾರ್ಟ್‌ಫೋನ್ ಇರೋರು ಕೌಂಟರ್‌ನ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ವಿವರ ತಾನೇ ಬರುತ್ತೆ, ಟೈಪಿಂಗ್ ತಪ್ಪು ಅಲ್ಲಿಗೆ ಕಡಿಮೆ. ಆಭಾ ಇಲ್ಲ ಅಂದ್ರೆ ಚಿಕಿತ್ಸೆ ಇಲ್ಲ ಅಂತ ಯಾರಿಗೂ ಹೇಳಬಾರದು, ಅದು ಕಡ್ಡಾಯ ಅಲ್ಲ. ಇಲ್ಲದವರಿಗೆ ನಾಲ್ಕು ಪ್ರಶ್ನೆ: ಪೂರ್ತಿ ಹೆಸರು ಹೇಳಿ, ತಂದೆ ಅಥವಾ ಗಂಡನ ಹೆಸರು ಹೇಳಿ, ಯಾವ ಹಾಡಿ ಅಥವಾ ಯಾವ ತೋಟದ ಲೈನು, ವಯಸ್ಸೆಷ್ಟು. 'ನೀವು ಮುತ್ತಮ್ಮ ಅಲ್ವಾ?' ಅಂತ ಕೇಳಬೇಡಿ. ಜ್ವರದಲ್ಲಿ ಇರೋರು, ಕನ್ನಡ ಬಾರದೋರು, ಕಿವಿ ಕೇಳದ ಅಜ್ಜಿಯಂದಿರು ಎಲ್ಲದಕ್ಕೂ 'ಹ್ಞೂಂ' ಅಂತಾರೆ. ಹೆಸರು ಅವರ ಬಾಯಿಂದಲೇ ಬರಬೇಕು. ಇದೇ ಪ್ರಶ್ನೆ ಇಂಜೆಕ್ಷನ್ ಕೊಡೋ ಮೊದಲು ಒಂದು ಸಲ, ಮಾತ್ರೆ ಕೊಡೋ ಕಿಟಕಿಯಲ್ಲಿ ಒಂದು ಸಲ.

ವಿಳಾಸದ ಖಾನೆಗೆ ಹಾಡಿ ಹೆಸರು, ಲೈನ್ ನಂಬರ್ ಒಂದೇ ರೀತಿ ಬರಬೇಕು. ಆಶಾ ಅವರ ಹತ್ರ ಮನೆ ಪಟ್ಟಿ ಇರುತ್ತೆ, ಅದರಿಂದ ಹಾಡಿಗಳ, ತೋಟಗಳ ಹೆಸರಿನ ಸ್ಪೆಲ್ಲಿಂಗ್ ಒಂದು ಹಾಳೆಯಲ್ಲಿ ಬರೆದು ಕೌಂಟರ್ ಗಾಜಿಗೆ ಅಂಟಿಸಿ. ಎಲ್ಲರೂ ಅದನ್ನೇ ನೋಡಿ ಹೊಡೀಲಿ. ರೈಟರ್ ನಂಬರ್ ಆಗಿದ್ರೆ ಮೊಬೈಲ್ ಖಾನೆಯಲ್ಲಿ ಹಾಕಬೇಡಿ, ಸಂಪರ್ಕದ ವ್ಯಕ್ತಿ ಅನ್ನೋ ಖಾನೆ ಇದ್ರೆ ಅಲ್ಲಿ ಹಾಕಿ. ಇಲ್ಲಾಂದ್ರೆ ರಕ್ತದ ರಿಪೋರ್ಟಿನ ಎಸ್ಸೆಮ್ಮೆಸ್ ರೈಟರ್ ಫೋನಿಗೆ ಹೋಗುತ್ತೆ, ಅದು ಆ ಹೆಣ್ಣುಮಗಳ ಮಾನದ ಪ್ರಶ್ನೆ.

ಅಲರ್ಜಿ ಖಾನೆ ಖಾಲಿ ಬಿಡಬೇಡಿ. ಖಾಲಿ ಅಂದ್ರೆ ಅಲರ್ಜಿ ಇಲ್ಲ ಅಂತಲೂ ಆಗಬಹುದು, ಯಾರೂ ಕೇಳಿಲ್ಲ ಅಂತಲೂ ಆಗಬಹುದು. 'ಕೇಳಿದೆ, ಇಲ್ಲ ಅಂದ್ರು' ಅಂತ ತಾರೀಖು ಹಾಕಿ ಬರೀರಿ. ಅಲರ್ಜಿ ಇದೆ ಅಂದ್ರೆ ಏನಾಯ್ತು ಅಂತಾನೂ ಬರೀಬೇಕು: ಪೆನ್ಸಿಲಿನ್‌ಗೆ ಮೈಯೆಲ್ಲ ದದ್ದು, ಮುಖ ಊತ ಬೇರೆ, ಹೊಟ್ಟೆ ತೊಳಸಿದ್ದು ಬೇರೆ. ಎರಡನೆಯದನ್ನೂ ಅಲರ್ಜಿ ಅಂತ ಹಾಕ್ತಾ ಹೋದ್ರೆ ಎಲ್ಲರ ಹೆಸರ ಮುಂದೂ ಕೆಂಪು ಎಚ್ಚರಿಕೆ ಬಂದು, ನಿಜವಾದ್ದು ಬಂದಾಗಲೂ ಡಾಕ್ಟ್ರು ಮುಚ್ಚಿ ಮುಂದೆ ಹೋಗ್ತಾರೆ.

ಕಾಫಿಸೀಮೆ ವೈದ್ಯೆ:

ಸಿಸ್ಟರ್, ರೈಟರ್ ನಂಬರಿನ ವಿಷಯ ನಮ್ಮ ಕಡೆಯೂ ಅಕ್ಷರಶಃ ಹಾಗೇ ಇದೆ. ಈಗಾಗಲೇ ಎರಡು ತೆರೆದಿರುವವರ ದಾಖಲೆಗಳನ್ನು ಕೂಡಿಸಬೇಕಲ್ಲ, ಅದನ್ನು ಕೌಂಟರ್‌ನಲ್ಲೇ ಮಾಡಬಹುದೇ? ಸಾಫ್ಟ್‌ವೇರ್‌ನಲ್ಲಿ 'ಕೂಡಿಸು' ಬಟನ್ ಎಲ್ಲರಿಗೂ ಕಾಣುತ್ತಿದೆ.

ಗೋಣಿಕೊಪ್ಪ ಡಾಕ್ಟ್ರು:

ದಯಮಾಡಿ ಕೌಂಟರ್‌ನಲ್ಲಿ ಮಾಡಬೇಡಿ. ಆ ಬಟನ್ ಎಲ್ಲರಿಗೂ ಕಾಣುವಂತೆ ಇಟ್ಟಿರುವುದೇ ಅಪಾಯ. ಜಿಲ್ಲಾ ಮಟ್ಟದ ಅಡ್ಮಿನ್‌ಗೆ ಬರೆದು, ವೈದ್ಯಾಧಿಕಾರಿಯ ಲಾಗಿನ್‌ಗೆ ಮಾತ್ರ ಉಳಿಸಿಕೊಳ್ಳಿ.

ಒಬ್ಬರಿಗೆ ಎರಡು ದಾಖಲೆ ಇದ್ದರೆ ಮಾಹಿತಿ ಅರ್ಧರ್ಧ ಕಾಣುತ್ತದೆ. ಇಬ್ಬರ ವಿವರ ಒಂದೇ ದಾಖಲೆಯಲ್ಲಿ ಬೆರೆತರೆ ಸುಳ್ಳು ಮಾಹಿತಿ ಕಾಣುತ್ತದೆ. ಎರಡನೆಯದು ಬಹಳ ಕೆಟ್ಟದ್ದು, ಮತ್ತು ಅವಸರದಲ್ಲಿ ಕೂಡಿಸಿದಾಗ ಹುಟ್ಟುವುದು ಅದೇ. ಹಾಗಾಗಿ ನಾಲ್ಕರಲ್ಲಿ ನಾಲ್ಕೂ ಹೊಂದದಿದ್ದರೆ ಕೂಡಿಸಬಾರದು: ಹೆಸರು, ತಂದೆ ಅಥವಾ ಗಂಡನ ಹೆಸರು, ಹಾಡಿ ಅಥವಾ ಲೈನು, ಹುಟ್ಟಿದ ವರ್ಷ ಸುಮಾರಾಗಿ. ಆಮೇಲೂ ರೋಗಿ ಎದುರಿಗಿರುವಾಗಲೇ, ಹಳೆಯ ಭೇಟಿಗಳನ್ನು ಓದಿ ಹೇಳಿ ಅವರಿಂದ ಖಚಿತಪಡಿಸಿಕೊಂಡು ಕೂಡಿಸಬೇಕು. 'ಹೋದ ವರ್ಷ ಕೈಗೆ ಹೊಲಿಗೆ ಹಾಕಿಸಿಕೊಂಡಿದ್ರಾ?' ಅಂತ ಕೇಳಿದರೆ ಒಂದೇ ಮಾತಿನಲ್ಲಿ ತೀರ್ಮಾನವಾಗುತ್ತದೆ. ಅನುಮಾನ ಇದ್ದರೆ ಎರಡೂ ಇರಲಿ, ಒಂದರ ಟಿಪ್ಪಣಿಯಲ್ಲಿ ಇನ್ನೊಂದರ ನಂಬರ್ ಬರೆದಿಡಿ. ಯಾವುದನ್ನೂ ಅಳಿಸಬೇಡಿ.

ಈಗಾಗಲೇ ಬೆರೆತುಹೋಗಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಗುರುತು ಸುಲಭ: ಗಂಡಸಿನ ದಾಖಲೆಯಲ್ಲಿ ಗರ್ಭಿಣಿ ತಪಾಸಣೆ, ಒಂದು ತಿಂಗಳಲ್ಲಿ 54 ಕೆ.ಜಿ. ಇದ್ದವರು ಮುಂದಿನ ತಿಂಗಳು 71, ರಕ್ತದ ಗುಂಪು ಎರಡು. ಕಂಡ ಕೂಡಲೇ ಮೊದಲು ಎಚ್ಚರಿಕೆ ಖಾನೆಯಲ್ಲಿ 'ಇಬ್ಬರ ವಿವರ ಬೆರೆತಿದೆ, ಇದನ್ನು ನಂಬಿ ಔಷಧಿ ಬರೆಯಬೇಡಿ' ಅಂತ ಹಾಕಿ. ಆಮೇಲೆ ಮೂಲ ಚೀಟಿ, ಲ್ಯಾಬ್ ರಿಜಿಸ್ಟರ್, ಔಷಧಿ ವಿತರಣೆಯ ರಿಜಿಸ್ಟರ್ ಮೂರನ್ನೂ ಎದುರಿಟ್ಟುಕೊಂಡು ಪ್ರತಿ ಭೇಟಿ ಯಾರದ್ದು ಅಂತ ಬೇರ್ಪಡಿಸಿ. ಅಲರ್ಜಿ, ರಕ್ತದ ಗುಂಪು, ದೀರ್ಘಕಾಲದ ಕಾಯಿಲೆಗಳ ಪಟ್ಟಿ, ಈ ಮೂರನ್ನು ಹಳೆಯದರಿಂದ ಎಳೆದು ತರಬೇಡಿ. ಇಬ್ಬರನ್ನೂ ಕರೆಸಿ ಹೊಸದಾಗಿ ಕೇಳಿ ಬರೆಯಿರಿ, ರಕ್ತದ ಗುಂಪನ್ನು ಮತ್ತೆ ಪರೀಕ್ಷೆ ಮಾಡಿಸಿ. ಕರೆಸುವ ಹೊತ್ತಿಗೆ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೂ ತರಲು ಹೇಳಿ: ತಪ್ಪು ದಾಖಲೆಯ ಮೇಲೆ ಏನಾದರೂ ಕೊಟ್ಟಿದೆಯೇ ಅನ್ನುವುದು ಮುಖ್ಯ ಪ್ರಶ್ನೆ. ರೋಗಿಗೆ ವಿಷಯವನ್ನು ಮುಚ್ಚಿಡಬಾರದು, ನೇರವಾಗಿ ಹೇಳಬೇಕು. ಹೊರಗಿನ ಆಸ್ಪತ್ರೆಗೆ ಅದೇ ದಾಖಲೆಯ ಸಾರಾಂಶ ಹೋಗಿದ್ದರೆ ಅಲ್ಲಿಗೂ ಫೋನು ಮಾಡಬೇಕು.

ಇನ್ನು ರಿಪೋರ್ಟ್ ಮಾತು. ಸಾಫ್ಟ್‌ವೇರ್‌ನಲ್ಲಿ ರಿಪೋರ್ಟ್ ಬಂದಿದೆ ಅನ್ನುವುದಕ್ಕೂ ಡಾಕ್ಟರು ನೋಡಿದ್ದಾರೆ ಅನ್ನುವುದಕ್ಕೂ ನೋಡಿ ಏನಾದರೂ ಮಾಡಿದ್ದಾರೆ ಅನ್ನುವುದಕ್ಕೂ ವ್ಯತ್ಯಾಸವಿದೆ. ಬಹುತೇಕ ಕಡೆ ಮೊದಲನೆಯದಕ್ಕೆ ಮಾತ್ರ ಗುರುತು ಇರುತ್ತದೆ. ಲ್ಯಾಬ್‌ನವರ ಹತ್ತಿರ ಹೊರಗೆ ಕಳಿಸಿದ ಸ್ಯಾಂಪಲ್‌ಗಳಿಗೆ ಬೇರೆಯೇ ರಿಜಿಸ್ಟರ್ ಇಡಿಸಿ: ಕಳಿಸಿದ ದಿನ, ಬರಬೇಕಾದ ದಿನ, ಬಂದ ದಿನ, ನೋಡಿದವರ ಸಹಿ, ರೋಗಿಗೆ ತಿಳಿಸಿದ ದಿನ. ಪ್ರತಿದಿನ ಮಧ್ಯಾಹ್ನ ಓಪಿಡಿ ಮುಗಿದ ಮೇಲೆ, ಸಹಿ ಇಲ್ಲದ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ಬರಬೇಕಾದ ದಿನ ದಾಟಿಯೂ ಬಾರದಿದ್ದ ಸಾಲು ಇನ್ನೂ ಮುಖ್ಯ, ಯಾಕೆಂದರೆ ಬಾರದ ರಿಪೋರ್ಟ್ ಯಾವ ಕಂಪ್ಯೂಟರ್ ತೆರೆಯಲ್ಲೂ ಕಾಣುವುದಿಲ್ಲ. ಸ್ಯಾಂಪಲ್ ಒಡೆದಿರಬಹುದು, ಹೆಪ್ಪುಗಟ್ಟಿರಬಹುದು, ಲೇಬಲ್ ಅಳಿಸಿರಬಹುದು. ಮಳೆಗಾಲದಲ್ಲಿ ಇಂಕ್ ಪೆನ್ನಿನ ಲೇಬಲ್ ಖಂಡಿತ ಉಳಿಯುವುದಿಲ್ಲ, ನೀರಿಗೆ ಅಳಿಸದ ಮಾರ್ಕರ್ ಬೇಕು.

ಕೆಲವು ಫಲಿತಾಂಶಕ್ಕೆ ರಿಜಿಸ್ಟರ್ ಕಾಯಬಾರದು, ಲ್ಯಾಬ್‌ನವರು ಎದ್ದು ಬಂದು ಹೇಳಬೇಕು. ಗರ್ಭಿಣಿಯ ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ, ಮಲೇರಿಯಾ ಪಾಸಿಟಿವ್, ಕಫದಲ್ಲಿ ಕ್ಷಯ. ವೈವಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ 14 ದಿನ ಬರೆಯುವಾಗ ಗರ್ಭಿಣಿಯೇ, ಜಿ6ಪಿಡಿ ಕೊರತೆ (ಈ ಮಾತ್ರೆಯಿಂದ ರಕ್ತಕಣ ಒಡೆಯುವ ಹುಟ್ಟು ದೋಷ) ಇದೆಯೇ ಅನ್ನುವ ಎರಡು ಪ್ರಶ್ನೆ ತೆರೆಯಲ್ಲಿ ಬರುವಂತೆ ಮಾಡಿಸಿದರೆ ಅದು ಉಪಯೋಗದ ಎಚ್ಚರಿಕೆ. ಸಂತಾನವಯಸ್ಸಿನ ಹೆಣ್ಣುಮಕ್ಕಳಿಗೆ ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್ ಆರಿಸಿದಾಗಲೂ ಹಾಗೇ. ಮೆಟ್‌ಫಾರ್ಮಿನ್‌ಗೆ ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ಪ್ರಮಾಣ) 30ಕ್ಕಿಂತ ಕೆಳಗಿದ್ದರೆ ಎಚ್ಚರಿಕೆ ಬರಲಿ. ಹೀಗೆ ಐದಾರು ಇರಲಿ, ಅಷ್ಟೇ. ಅರವತ್ತು ಎಚ್ಚರಿಕೆ ಹಾಕಿಸಿದವರ ಕಡೆ ಒಂದನ್ನೂ ಯಾರೂ ಓದುವುದಿಲ್ಲ.

ಔಷಧ ಕಿಟಕಿಯವರ ಮಾತಿಗೆ ಒಂದು ಸೇರಿಕೆ. ನಮ್ಮ ಜನ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗುತ್ತಾರೆ, ಮೈಸೂರು, ಮಂಗಳೂರಿಗೂ ಹೋಗುತ್ತಾರೆ, ದಕ್ಷಿಣ ಕೊಡಗಿನವರು ಕೇರಳಕ್ಕೂ. ಅಲ್ಲಿ ಬ್ರ್ಯಾಂಡ್ ಹೆಸರಲ್ಲಿ ಬರೆದ ಟೆಲ್ಮಿಸಾರ್ಟಾನ್, ಇಲ್ಲಿ ಜನರಿಕ್ ಹೆಸರಲ್ಲಿ ಕೊಟ್ಟ ಟೆಲ್ಮಿಸಾರ್ಟಾನ್, ಎರಡನ್ನೂ ಬೆಳಿಗ್ಗೆ ನುಂಗುವವರಿದ್ದಾರೆ. ಸಾಫ್ಟ್‌ವೇರ್‌ಗೆ ನಾವು ಕೊಟ್ಟದ್ದು ಮಾತ್ರ ಗೊತ್ತು. ಹಾಗಾಗಿ ಡಿಸ್ಚಾರ್ಜ್ ಚೀಟಿ ತಂದವರ ಪ್ರತಿ ಔಷಧಿಯನ್ನೂ ಮೂಲ ಹೆಸರಿನಲ್ಲಿ, 'ಹೊರಗಿನದು' ಅಂತ ಗುರುತು ಹಾಕಿ ನಮ್ಮ ಪಟ್ಟಿಗೆ ಸೇರಿಸಬೇಕು. ಫೋಟೋ ತೆಗೆದು ಲಗತ್ತಿಸಿದರೆ ಸಾಲದು. ಫೋಟೋದೊಳಗಿನ ಔಷಧಿಯನ್ನು ಎಚ್ಚರಿಕೆ ವ್ಯವಸ್ಥೆ ಓದುವುದಿಲ್ಲ.

ವೈರು ಪ್ಲಗ್ಗು (ಕುಶಾಲನಗರ) ಉತ್ತರ:

ನಾನು ಆಸ್ಪತ್ರೆಯ ಕಂಪ್ಯೂಟರ್, ಬ್ಯಾಟರಿ ಕಡೆಯವನು. ಕರೆಂಟಿನ ಲೆಕ್ಕ ಹೇಳ್ತೀನಿ.

ಡೆಸ್ಕ್‌ಟಾಪ್ ಪಕ್ಕ ಇಡುವ 600 ವಿಎ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕೆ, ಅಂದ್ರೆ ಕೆಲಸ ಉಳಿಸಿ ಮುಚ್ಚೋದಕ್ಕೆ. ಅದರ ಮೇಲೆ ಓಪಿಡಿ ನಡೆಸೋ ಲೆಕ್ಕ ಹಾಕಬೇಡಿ. 150 ಎಎಚ್‌ನ ಒಂದು 12 ವೋಲ್ಟ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಒಟ್ಟು 1800 ವ್ಯಾಟ್‌ಗಂಟೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, ಇನ್ವರ್ಟರ್‌ನ ನಷ್ಟ ಕಳೆದರೆ ಕೈಗೆ ಸಿಗೋದು ಸುಮಾರು 750. ಎರಡು ಲ್ಯಾಪ್‌ಟಾಪ್, ರೂಟರ್, ಫೈಬರ್ ಡಬ್ಬಿ ಎಲ್ಲ ಸೇರಿ 120 ವ್ಯಾಟ್ ಅಂದ್ಕೊಂಡ್ರೆ ಆರು ಗಂಟೆ, ಅಂದ್ರೆ ಒಂದು ಓಪಿಡಿ ಆರಾಮಾಗಿ ಮುಗಿಯುತ್ತೆ. ಲೇಸರ್ ಪ್ರಿಂಟರನ್ನ ಆ ಲೈನಿಗೆ ಹಾಕಬೇಡಿ. ಬಿಸಿಯಾಗೋ ಹೊತ್ತಲ್ಲಿ ನೂರಾರು ವ್ಯಾಟ್ ಒಮ್ಮೆಲೇ ಎಳೆದು ಇನ್ವರ್ಟರ್ ಟ್ರಿಪ್ ಆಗುತ್ತೆ, ಅರ್ಧ ಬರೆದ ಚೀಟಿ ಹೋಗುತ್ತೆ. ಲಸಿಕೆಯ ಐಎಲ್‌ಆರ್ ಫ್ರಿಜ್ಜನ್ನೂ ಇದಕ್ಕೆ ಹಾಕಬೇಡಿ, ಅದರ ಸ್ಟೆಬಿಲೈಸರ್ ಲೈನು ಬೇರೆಯೇ ಇರಲಿ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನ ಮೇ ತಿಂಗಳಲ್ಲೇ ನೋಡಿ.

ಇನ್ನೊಂದು ಸಣ್ಣದು, ಆದರೆ ಎಲ್ಲಾ ಕಡೆ ತೊಂದರೆ ಕೊಡೋದು. ಮದರ್‌ಬೋರ್ಡ್‌ನಲ್ಲಿ ಸಿಆರ್2032 ಅಂತ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತೆ. ಅದು ಸತ್ತಿದ್ರೆ ಕರೆಂಟು ಹೋಗಿ ಬಂದ ಕೂಡಲೇ ಕಂಪ್ಯೂಟರ್ ಗಡಿಯಾರ ಹಳೇ ವರ್ಷಕ್ಕೆ ಹೋಗುತ್ತೆ. ತಾರೀಖು ತಪ್ಪಿದ್ರೆ ಬ್ರೌಸರ್ 'ಸುರಕ್ಷಿತ ಅಲ್ಲ' ಅಂತ ಹೇಳಿ ಪೋರ್ಟಲ್ ತೆರೆಯೋದೇ ಇಲ್ಲ. ನೀವು ನೆಟ್‌ವರ್ಕ್ ಹೋಗಿದೆ ಅಂತ ಕಾಗದಕ್ಕೆ ಇಳೀತೀರಿ. ಕಂಪ್ಯೂಟರ್‌ನಲ್ಲೇ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ಆದ್ರೆ ಇನ್ನೂ ಕಷ್ಟ, ಅದು ತಪ್ಪು ತಾರೀಖಿನಲ್ಲೇ ಭೇಟಿ ಬರಕೊಂಡು ಹೋಗುತ್ತೆ, ಆವತ್ತಿನ ಔಷಧಿ ಪಟ್ಟಿಯ ತಳಕ್ಕೆ ಸೇರಿ ಕಣ್ಣಿಗೇ ಬೀಳಲ್ಲ. ಬೆಳಿಗ್ಗೆ ಮೊದಲ ರೋಗಿ ಕರೆಯೋ ಮುಂಚೆ ತೆರೆಯ ಮೂಲೆಯ ತಾರೀಖು, ಗಂಟೆ ನೋಡಿ. ಬಿಲ್ಲೆ ಹಾಕಿಸೋ ಖರ್ಚು ತೀರಾ ಕಡಿಮೆ.

ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ), ಆಶಾ ಅವರ ಟ್ಯಾಬ್‌ಗಳಲ್ಲಿ ನೆಟ್‌ವರ್ಕ್ ಇಲ್ಲದಾಗ ಎಂಟ್ರಿ ಟ್ಯಾಬ್‌ನಲ್ಲೇ ಕೂತಿರುತ್ತೆ. ಸಿಂಕ್ ಆಗೋ ಮೊದಲು ಆ್ಯಪ್ ತೆಗೆದು ಮತ್ತೆ ಹಾಕಿದ್ರೆ, ಡೇಟಾ ಕ್ಲಿಯರ್ ಮಾಡಿದ್ರೆ ಅದು ಹೋದಂಗೇ. 'ಆ್ಯಪ್ ಸ್ಲೋ ಆಗಿದೆ' ಅಂತ ಯಾರಾದ್ರೂ ಕ್ಲಿಯರ್ ಒತ್ತೋ ಮೊದಲು ಬಾಕಿ ಎಂಟ್ರಿ ಎಷ್ಟು ತೋರಿಸ್ತಿದೆ ಅಂತ ನೋಡಲಿ, ಸೊನ್ನೆ ಆಗೋವರೆಗೂ ಮುಟ್ಟಬೇಡಿ.

ಎಷ್ಟು ಹೊತ್ತು ಕಾದು ಕಾಗದಕ್ಕೆ ಇಳಿಯಬೇಕು ಅನ್ನೋದನ್ನೂ ಮೊದಲೇ ಗೊತ್ತು ಮಾಡಿ. 10 ನಿಮಿಷ ಅಂತ ಇಟ್ಕೊಳ್ಳಿ. ತೀರ್ಮಾನ ಹೇಳೋರು ಒಬ್ಬರೇ ಇರಲಿ. ನೋಂದಣಿಯವರು ಕಾಗದದಲ್ಲಿ, ಡಾಕ್ಟ್ರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಫಾರ್ಮಸಿ ಇನ್ನೊಂದರಲ್ಲಿ ನಡೆದ್ರೆ ಆ ದಿನದ ಲೆಕ್ಕ ಯಾವತ್ತೂ ಹೊಂದಲ್ಲ.

ಸೋಮವಾರಪೇಟೆ ನರ್ಸಣ್ಣ:

ಇಷ್ಟೆಲ್ಲ ಯಾಕೆ, ಕರೆಂಟು ಇರಲಿ ಬಿಡಲಿ ಎಲ್ಲವನ್ನೂ ಪುಸ್ತಕದಲ್ಲೂ ಬರೆದು ಕಂಪ್ಯೂಟರ್‌ಗೂ ಹಾಕಿದರೆ ಆಗದೇ?

ಗೋಣಿಕೊಪ್ಪ ಡಾಕ್ಟ್ರು:

ಅಣ್ಣ, ನಾನು ಅದನ್ನು ಒಪ್ಪುವುದಿಲ್ಲ. ಎರಡು ಕಡೆ ಪೂರ್ತಿ ಬರೆದರೆ ಎರಡು ತಿಂಗಳಲ್ಲಿ ಎರಡೂ ಬೇರೆ ಬೇರೆ ಹೇಳುತ್ತವೆ, ಆಗ ಯಾವುದು ನಿಜ? ಓಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವ ಮೂರ್ನಾಲ್ಕು ನಿಮಿಷವೂ ಬರೆಯುವುದಕ್ಕೇ ಹೋಗುತ್ತದೆ. ಕರೆಂಟು ಇದ್ದಾಗ ಕಂಪ್ಯೂಟರ್ ಮೂಲ, ಇಲ್ಲದಾಗ 'ಕಾ' ಚೀಟಿ ಮೂಲ, ಏರಿಸಿ ಇಬ್ಬರ ಸಹಿ ಬಿದ್ದ ಕ್ಷಣಕ್ಕೆ ಮತ್ತೆ ಕಂಪ್ಯೂಟರ್ ಮೂಲ. ಈ ಗಡಿ ಸ್ಪಷ್ಟವಾಗಿರಬೇಕು. ಬಿಪಿ, ಶುಗರ್, ಮೂರ್ಛೆ, ಕ್ಷಯ, ಗರ್ಭಿಣಿ ಇವರ ಕೈಯಲ್ಲಿ ಮಾತ್ರ ಕಾರ್ಡ್ ಇರಲಿ, ಅದರಲ್ಲಿ ಈಗಿನ ಔಷಧಿ ಮತ್ತು ಅಲರ್ಜಿ ಇಷ್ಟೇ ಇರಲಿ. ಎಚ್‌ಐವಿ ವಿಷಯವನ್ನು ಕಾರ್ಡ್‌ನಲ್ಲಾಗಲಿ, ನೋಂದಣಿ ತೆರೆಯಲ್ಲಾಗಲಿ ಕಾಣುವಂತೆ ಇಡಬಾರದು, 2017ರ ಕಾಯ್ದೆ ಅದನ್ನು ಗೋಪ್ಯವಾಗಿಡಲೇಬೇಕು ಅನ್ನುತ್ತದೆ. ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕೌಂಟರ್‌ನ ತೆರೆ ಕ್ಯೂ ಕಡೆ ತಿರುಗಿದ್ದರೆ ಮೊದಲು ಅದನ್ನು ತಿರುಗಿಸಿ.

ಲಾಗಿನ್ ಕೂಡ. ಡಾಕ್ಟರ ಪಾಸ್‌ವರ್ಡ್ ಮೇಜಿನ ಗಾಜಿನ ಕೆಳಗೆ ಇದ್ದರೆ ಔಷಧಿ ಬದಲಿಸಿದ್ದು ಯಾರು ಅನ್ನುವುದು ಆಮೇಲೆ ಪತ್ತೆಯೇ ಆಗುವುದಿಲ್ಲ, ಕಾರಣ ಹುಡುಕಿ ಸರಿಪಡಿಸುವ ದಾರಿಯೂ ಮುಚ್ಚುತ್ತದೆ.

ಕಾಫಿಸೀಮೆ ವೈದ್ಯೆ:

ಎಲ್ಲರಿಗೂ ತುಂಬಾ ಧನ್ಯವಾದ. ಜೋಡಿ ಚೀಟಿಯ ಕರಡು ಹೀಗೆ ಮಾಡಿದ್ದೇನೆ. ಮೇಲೆ 'ಕಾ' ನಂಬರ್, ನೋಡಿದ ದಿನಾಂಕ, ಹೆಸರು, ತಂದೆ ಅಥವಾ ಗಂಡನ ಹೆಸರು, ಹಾಡಿ ಅಥವಾ ಲೈನು, ವಯಸ್ಸು, ಆಭಾ. ಅದರ ಕೆಳಗೆ ಅಲರ್ಜಿ ಕೇಳಿದೆಯೇ, ಗರ್ಭಿಣಿಯೇ. ನಂತರ ಬಿಪಿ, ಶುಗರ್. ಔಷಧಿಗೆ ಮೂರು ಕಾಲಂ. ಕಳಿಸಿದ ಪರೀಕ್ಷೆ, ರೆಫರಲ್. ಕೊನೆಗೆ ಏರಿಸಿದ ದಿನಾಂಕ, ಓದಿದವರ ಸಹಿ, ಟೈಪ್ ಮಾಡಿದವರ ಸಹಿ. ಎ5 ಹಾಳೆಗೆ ಹಿಡಿಯುತ್ತದೆ. ಬಿಟ್ಟುಹೋದದ್ದು ಇದ್ದರೆ ಅಚ್ಚಿಗೆ ಕೊಡುವ ಮೊದಲು ಹೇಳಿ.

ಔಷಧ ಕಿಟಕಿ:

ತೂಕ ಬಿಟ್ಟಿದ್ದೀರಿ ಡಾಕ್ಟ್ರೇ. ಬಿಪಿ ಸಾಲಿಗಿಂತ ಮೇಲೆ ಹಾಕಿ, ಪಕ್ಕದಲ್ಲಿ 'ಇವತ್ತು ತೂಗಿದ್ದು' ಅಂತ ಟಿಕ್ ಮಾಡುವ ಚೌಕ ಇರಲಿ. ಎಷ್ಟು ದಿನಕ್ಕೆ ಎಷ್ಟು ಮಾತ್ರೆ ಕೊಟ್ಟೆವು ಅಂತ ನಾವು ತುಂಬಲು ಬಲಗಡೆ ಒಂದು ಸಣ್ಣ ಕಾಲಂ ಬೇಕು: ಸ್ಟಾಕ್ ಕಡಿಮೆ ಇದ್ದು 30ರ ಬದಲು 10 ದಿನದ್ದು ಕೊಟ್ಟರೆ ಅದು ನಿಮಗೂ ತೆರೆಯಲ್ಲಿ ಕಾಣಬೇಕು. ಮತ್ತೆ ನಕಲು ಹಾಳೆ ತಿಳಿ ಹಳದಿ ಬಣ್ಣದ್ದಾಗಲಿ, ಕಾರ್ಬನ್ನಿನ ಅಕ್ಷರ ಗುಲಾಬಿ ಹಾಳೆಗಿಂತ ಅದರಲ್ಲಿ ಚೆನ್ನಾಗಿ ಓದಲು ಬರುತ್ತೆ.

ಹಾಡಿ ಸಿಸ್ಟರ್:

'ಜೊತೆಗೆ ಬಂದವರು ಯಾರು' ಅಂತ ಒಂದು ಗೆರೆ ಸೇರಿಸಿ ಮೇಡಂ. ಭಾಷೆ ಬಾರದವರ ವಿವರ ಹೇಳಿದ್ದು ಗಂಡನೋ, ಪಕ್ಕದ ಲೈನಿನವರೋ, ಮೇಸ್ತ್ರಿಯೋ ಅನ್ನೋದು ಆಮೇಲೆ ಕೇಳಿ ತಿಳ್ಕೊಳ್ಳೋದಕ್ಕೆ ಬೇಕಾಗುತ್ತೆ.